ಜೈಪುರದ ಅರಮನೆಯ ಹೊರಗೆ

ತೊಂಬತ್ತರ ದಶಕದ ಕೊನೆಯಲ್ಲಿ ಹುಣಸೂರಿನಿಂದ ಕಾಶಿಗೆ ಹೊರಟ ನಮ್ಮ ಯಾತ್ರೆಯ ಬಸ್ಸು ಒಂದು ದಿನ ಜೈಪುರದಲ್ಲಿ ನಿಂತಿತ್ತು. ನಮ್ಮ ಯಜಮಾನರು ತೀರಿಕೊಂಡು ಮೂರು ತಿಂಗಳಾಗಿತ್ತು. ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟು, ಒಂದು ಹಿಡಿಯನ್ನು ಮಾತ್ರ ಪ್ರಯಾಗಕ್ಕೆಂದು ಉಳಿಸಿಕೊಂಡಿದ್ದೆವು. ಸಣ್ಣ ಮಡಕೆಯಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಜೊತೆಗೆ ಅವರ ತಂಗಿ, ನನ್ನ ನಾದಿನಿ ಬಂದಿದ್ದಳು.

ಅಸ್ಥಿಯನ್ನು ನೆಲಕ್ಕಿಡಬಾರದು, ಜನ ವಾಸವಿರುವ ಮನೆಯೊಳಕ್ಕೆ ಒಯ್ಯಬಾರದು. ಊರಲ್ಲಿ ಹಿತ್ತಲ ಮರಕ್ಕೆ ಕಟ್ಟಿದ್ದೆವು. ದಾರಿಯಲ್ಲೂ ಛತ್ರ ಸೇರಿದೊಡನೆ ಮೊದಲು ಮರ ಹುಡುಕುತ್ತಿದ್ದೆ. ಎಲ್ಲ ಕಡೆಯೂ ಒಂದೊಂದು ಮರ ಸಿಕ್ಕಿತು. ದೇವರು ಅಷ್ಟು ನಡೆಸಿಕೊಟ್ಟ.

ಬೆಳಿಗ್ಗೆ ಬೆಟ್ಟದ ಮೇಲಿನ ಕೋಟೆಗೆ ಹೋದೆವು. ಅಲ್ಲಿ ಪಾರಿವಾಳ ಬಿಟ್ಟರೆ ಯಾರ ವಾಸವೂ ಇಲ್ಲ, ಚೀಲ ಹಿಡಿದೇ ಹತ್ತಿದೆ. ಬಾಗಿಲಲ್ಲಿ ಕಾವಲಿನವನು ಚೀಲ ಬಿಚ್ಚುವಂತೆ ಸನ್ನೆ ಮಾಡಿದ. ನಾದಿನಿ ಮುಂದೆ ಬಂದು, "ಪತಿ, ಗಂಗಾ" ಎಂದು ನನ್ನ ಬರಿಯ ಹಣೆ ತೋರಿಸಿದಳು. ಅವನು ಕೈ ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟ. ಒಳಗೆ ಗೋಡೆ ತುಂಬ ಕನ್ನಡಿ ಚೂರುಗಳು. ಎಲ್ಲರೂ ಅಬ್ಬಬ್ಬಾ ಎನ್ನುತ್ತಿದ್ದರು. ನಾನೂ ನೋಡಿದೆ. ನೋಡಿದೆ, ಅಷ್ಟೆ.

"ಮೈಸೂರಿಗೆ ವಾರಕ್ಕೊಂದ್ಸಲ ಓಗೋನು ನಮ್ಮಣ್ಣ, ಒಂದಿನ ಅರಮನೆ ಒಳಕ್ಕೆ ಕಾಲಿಡ್ನಿಲ್ಲ" ಎಂದಳು ನಾದಿನಿ. "ಈಗ ನೋಡಿ, ನಿಮ್ಮ ಕೈಲಿ ಒರಿಸ್ಕೊಂಡು ಕೋಟೆ ಅತ್ತವ್ನೆ!"

ಪಕ್ಕದವರು ನಕ್ಕರು.

ಮಧ್ಯಾಹ್ನ ಊರೊಳಗಿನ ಅರಮನೆ. ಅದರ ಒಂದು ಭಾಗದಲ್ಲಿ ರಾಜಮನೆತನದವರು ಈಗಲೂ ಇದ್ದಾರೆ ಎಂದು ನಮ್ಮನ್ನು ಯಾತ್ರೆಗೆ ಕರೆತಂದಿದ್ದ ಬಸ್ಸಿನ ಮೇಸ್ತ್ರಿ ಹೇಳಿದ. ನಾನು ಹೊರಗೇ ನಿಂತೆ.

"ಜನ ಅವ್ರಂತೆ ಕಣವ್ವ. ನಾ ಬರಲ್ಲ, ನೀ ಓಗು."

"ರಾಜ್ರ ಮನೆ ಅತ್ಗೆ, ನೂರಾರು ಕೋಣೆ ಅವೆ. ಅವ್ರಿಗೇನು ಗೊತ್ತಾದದಾ?"

"ಯಾರ ಮನೆ ಆದ್ರೂ ಮನೇನೇ."

"ಅಂಗಾದ್ರೆ ಕೊಡಿ ಇತ್ಲಾಗೆ. ನೀವ್ ನೋಡ್ಕಂಡು ಬನ್ನಿ."

ಅಲ್ಲಿಯವರೆಗೆ ಚೀಲವನ್ನು ಯಾರ ಕೈಗೂ ಕೊಟ್ಟಿರಲಿಲ್ಲ. ಮೈಮರೆತು ಎಲ್ಲಿ ಇಟ್ಟುಬಿಡುತ್ತಾಳೋ ಎಂದು ಹೆದರಿಕೆ. "ಕೆಳಕ್ಕೆ ಮಡಗ್ಬ್ಯಾಡ ಕಣೆ" ಎಂದೆ.

"ನಿಮ್ಗೆ ಗಂಡ ಆದ್ರೆ, ನಂಗೇನು ಬೀದೀಲಿ ಓಗೋನಾ?" ಎಂದು ಕಿತ್ತುಕೊಂಡಳು.

ಒಳಗೆ ಆಳೆತ್ತರದ ಬೆಳ್ಳಿ ಕೊಡಗಳಿದ್ದವು. ಹಿಂದೆ ರಾಜರೊಬ್ಬರು ಸಮುದ್ರ ದಾಟುವಾಗ ಅವುಗಳಲ್ಲಿ ಗಂಗೆಯನ್ನು ತುಂಬಿಕೊಂಡು ಹೋಗಿದ್ದರಂತೆ. ಕೈಮುಗಿದೆ. ಮನಸ್ಸಿಗೆ ಏನೂ ಆಗಲಿಲ್ಲ. ಖಾಲಿ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೇಗ ಬಂದೆ.

ನಾದಿನಿ ಗೋಡೆಯ ನೆರಳಲ್ಲಿ ಕುಳಿತಿದ್ದಳು. ಚೀಲ ಮಡಿಲಲ್ಲೇ ಇತ್ತು. ಎರಡೂ ಕೈಯಿಂದ ತಬ್ಬಿಕೊಂಡು, "ಅಣ್ಣಾ, ಅಣ್ಣಾ" ಎಂದು ಬಿಕ್ಕುತ್ತಿದ್ದಳು. ಚಿತೆಗಿಟ್ಟ ದಿನ ಬಂದವರಿಗೆಲ್ಲ ನೀರು ಕೊಡುತ್ತ ಓಡಾಡಿದವಳು, ಅಂದು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ನಾನೂ ಹಾಕಿರಲಿಲ್ಲ.

ಪಕ್ಕದಲ್ಲಿ ಕುಳಿತೆ. ನನಗೆ ಆಗಲೂ ಅಳು ಬರಲಿಲ್ಲ. ಅವಳಿಗಾದರೂ ಬಂತಲ್ಲ ಎಂದುಕೊಂಡೆ. ಮೇಸ್ತ್ರಿ ಬಂದು ಕೂಗುವವರೆಗೂ ಚೀಲವನ್ನು ವಾಪಸ್ಸು ಕೇಳಲಿಲ್ಲ.