ಬೇರೆ ಸಾಲಿಲ್ಲದ ಬದನೆ ತೋಟ

ದೊಡ್ಡಮ್ಮನ ಬಲಗೈಯ ಎರಡು ಬೆರಳ ತುದಿ ಎಷ್ಟು ತಿಕ್ಕಿ ತೊಳೆದರೂ ಹಸಿರಾಗಿಯೇ ಇರುತ್ತಿತ್ತು. ಬೆಳಗಿನ ಕಾಫಿಗೂ ಮುಂಚೆ ಬದನೆ ಗಿಡಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಬಾಡಿದ ಕುಡಿಗಳನ್ನು ಒಳಗಿನ ಹುಳು ಸಮೇತ ಚಿವುಟಿ ಸೋಪುನೀರಿಗೆ ಹಾಕುತ್ತಿದ್ದರು. ದೇವರ ದೀಪವೂ ಅದಾದ ಮೇಲೆಯೇ.

ವಕ್ಕಲೇರಿ ಕಡೆ ನಮ್ಮಂಥವರ ಮನೆಗಳಲ್ಲಿ ಒಂದು ಪದ್ಧತಿಯಿದೆ. ಮಾರುವ ಬೆಳೆಗೆ ಔಷಧಿ ಹೊಡೆಯುತ್ತೇವೆ, ಮನೆಗೆಂದು ಬೋರ್‌ವೆಲ್ ಪಕ್ಕ ಎರಡು ಸಾಲು ಹೊಡೆಯದೆ ಬಿಟ್ಟುಕೊಳ್ಳುತ್ತೇವೆ. ಇದರಲ್ಲಿ ನಾಚಿಕೆಪಡುವಂಥದ್ದಿದೆ ಅಂತ ಯಾರಿಗೂ ಅನ್ನಿಸಿಲ್ಲ, ನನಗೂ ಅನ್ನಿಸಿರಲಿಲ್ಲ. ದೊಡ್ಡಮ್ಮನ ತೋಟದಲ್ಲಿ ಮಾತ್ರ ಆ ಬೇರೆ ಸಾಲಿರಲಿಲ್ಲ, ಮಾರುವ ಗಿಡಕ್ಕೂ ಔಷಧಿ ಬೀಳುತ್ತಿರಲಿಲ್ಲ. ಕೇಳಿದರೆ, "ತಿನ್ನೋ ಬಾಯಲ್ಲಿ ಎರಡು ಜಾತಿ ಇರ್ತದೇನ್ಲಾ?" ಅನ್ನುತ್ತಿದ್ದರು.

ಒಮ್ಮೆ ದೊಡ್ಡಮ್ಮ ಕಣ್ಣಿನ ಆಪರೇಷನ್ನಿಗೆಂದು ಮಗಳ ಮನೆಗೆ ಹೋದಾಗ ತೋಟ ನನ್ನ ಪಾಲಿಗೆ ಬಂತು. ಹುಳು ಏರಿತು. ಚಿವುಟುತ್ತಾ ಕೂರುವ ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ. ನಮ್ಮ ಹೊಲಕ್ಕೆ ಕಲಸಿ ಉಳಿದಿದ್ದ ಔಷಧಿಯನ್ನು ಅವರ ಗಿಡಕ್ಕೂ ಹೊಡೆದೆ. ಉಪಕಾರ ಮಾಡಿದೆನೆಂದೇ ನಂಬಿದ್ದೆ.

ಔಷಧಿ ಹೊಡೆದ ಮಾರನೇ ದಿನ ಊರಿಗೆ ಬಂದವರು ಕಪ್ಪು ಕನ್ನಡಕದಲ್ಲೇ ಒಂದು ಎಲೆ ಮೂಸಿದರು.

"ಹೊಡೆದ್ಯಾ?"

"ಹೂಂ ದೊಡ್ಡಮ್ಮ, ಇಲ್ದಿದ್ರೆ ಗಿಡಾನೇ ಹೋಗ್ತಿತ್ತು."

ಕಾಯನ್ನೆಲ್ಲ ಕಿತ್ತು ಗುಂಡಿಗೆ ಹಾಕಿಸಿದರು. ಆಮೇಲೆ ನನ್ನ ಬೈಕ್ ಹತ್ತಿ ಕೋಲಾರಕ್ಕೆ ಹೊರಟರು. ವಾರವಾರ ಅವರ ಬುಟ್ಟಿಗೆ ಕಾಯುತ್ತಿದ್ದ ಹತ್ತಾರು ಮನೆಗಳ ಬಾಗಿಲಲ್ಲಿ ಬರಿಗೈಲಿ ನಿಂತು, "ಈ ಸಲ ಬದ್ನೇಕಾಯಿ ಇಲ್ಲಮ್ಮ. ನಮ್ ಹುಡುಗ ಔಷ್ದಿ ಹೊಡೆದ್ಬಿಟ್ಟ" ಎಂದರು. ಹುಡುಗನಿಗೆ ಆಗ ಮೂವತ್ತೈದು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಪರವಾಗಿಲ್ಲ, ತೊಳ್ಕೊಂಡು ತಿಂತೀವಿ, ತಂದ್ಕೊಡಿ" ಎಂದರು ಕೋಟೆ ಕಡೆಯ ಗಿರಾಕಿ, ನಾವು ಉರ್ದುವಿನಲ್ಲಿ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವವರು.

"ನಾನೇ ತಿನ್ನಲ್ಲ, ನಿಮಗೆಂಗೆ ಕೊಡ್ಲಿ?"

ವಾಪಸ್ಸು ಬರುವಾಗ, ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎಂದು ಗೊಣಗಿದೆ. ಗಿರಾಕಿಗಳೆಲ್ಲ ಕೈಬಿಟ್ಟರೆ ಅವರ ಬದುಕೇನು ಎಂಬ ಭಯ ನನ್ನದು.

"ಮಕ್ಕಳಿಗೆ ತುತ್ತಿಡುವಾಗ ನನ್ನ ನೆನೆಸ್ಕೊಂತಾರೆ ಕಣೋ. ಅದ್ನ ಕೆಡಿಸ್ಕೊಂಡು ಏನ್ ಮಾರ್ಲಿ?"

ಒಂದು ಮನೆಯೂ ಕೈಬಿಡಲಿಲ್ಲ.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡರು. ತೋಟವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಮೊದಲ ಕೊಯ್ಲಿನ ಬುಟ್ಟಿ ಹೊತ್ತು ಹೋದಾಗ ಖಾಲಾ ಕಾಯಿ ಮುಟ್ಟಲಿಲ್ಲ, ನನ್ನ ಮುಖವನ್ನೇ ನೋಡಿದರು.

"ನಿಮ್ಮ ಮನೇಲೂ ಇದೇನಾ ತಿನ್ನೋದು?"

"ಇದೇ ಖಾಲಾ."

ಆಗ ಕಾಯಿಗೆ ಸೆರಗು ಒಡ್ಡಿದರು.