ಭಾವನ ಇಪ್ಪತ್ತೆರಡು ಮಿಲಿಸೆಕೆಂಡು

ನನ್ನ ಅಕ್ಕನ ಗಂಡ ಹೊಟ್ಟೆಪಾಡಿಗೆ ಲಿಫ್ಟ್ ರಿಪೇರಿ ಮಾಡುತ್ತಿದ್ದರು, ಖುಷಿಗೆ ಡ್ರಮ್ ಬಾರಿಸುತ್ತಿದ್ದರು. ಸುಮ್ಮನೆ ಕೂತ ಮನುಷ್ಯನೇ ಅಲ್ಲ. ಊಟದ ತಟ್ಟೆ, ಕಿಟಕಿಯ ಕಂಬಿ, ನನ್ನ ಬೆನ್ನು, ಏನು ಸಿಕ್ಕಿದರೂ ಅದರ ಮೇಲೆ ಬೆರಳು ಆಡುತ್ತಿದ್ದವು. "ತಟ್ಟೇಲಿ ಇರೋದನ್ನ ತಿನ್ರೀ, ತಟ್ಟೆ ಬಾರಿಸಬೇಡಿ" ಎಂದು ಅಕ್ಕ ಇಪ್ಪತ್ತು ವರ್ಷ ಗೊಣಗಿದ್ದಾಳೆ. ನನಗೆ ಕೇಳಲು ಕಲಿಸಿದವರೂ ಅವರೇ. ಚಿಕ್ಕವನಾಗಿದ್ದಾಗ ನನ್ನ ಕಣ್ಣಿಗೆ ಟವೆಲ್ ಕಟ್ಟಿ, ಎರಡು ಕೈಯಲ್ಲೂ ಚಮಚ ಹಿಡಿದು ಮೇಜಿಗೆ ಕುಟ್ಟಿ, "ಯಾವುದು ಮುಂಚೆ ಬಿತ್ತು ಹೇಳೋ" ಎನ್ನುತ್ತಿದ್ದರು. ಆ ಕಿವಿಯ ಋಣದಲ್ಲೇ ನಾನು ಅನ್ನ ತಿನ್ನುತ್ತಿದ್ದೇನೆ.

ನನ್ನದು ಔಷಧಿ ಅಂಗಡಿಯ ಮೇಲೆ ಎರಡು ಕೋಣೆಯ ರೆಕಾರ್ಡಿಂಗ್ ಸ್ಟುಡಿಯೋ. ಡ್ರಮ್ ಇಟ್ಟ ಕೋಣೆ ರಸ್ತೆಯ ಕಡೆಗಿತ್ತು, ಹಾರ್ನ್ ಸದ್ದು ತಪ್ಪಿದ್ದಲ್ಲ. ಅದಕ್ಕೆಂದು ಗದ್ದಲ ಸೋಸುವ ಪುಟ್ಟ ಪೆಟ್ಟಿಗೆಯೊಂದನ್ನು ತಂದು ಆ ಮೈಕಿಗೆ ಜೋಡಿಸಿ, ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಹಾಡುವವರದ್ದು ಒಂದು ಟ್ರ್ಯಾಕ್, ಗಿಟಾರಿನದ್ದು ಒಂದು, ಭಾವನದ್ದು ಒಂದು. ಎಲ್ಲವನ್ನೂ ಕಂಪ್ಯೂಟರ್ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು ನೋಡಿದರೆ ಭಾವನದ್ದು ಇಪ್ಪತ್ತೆರಡು ಮಿಲಿಸೆಕೆಂಡು ಹಿಂದೆ ಇರುತ್ತಿತ್ತು. ಸೆಕೆಂಡಿನ ಸಾವಿರ ಪಾಲಿನಲ್ಲಿ ಇಪ್ಪತ್ತೆರಡು ಪಾಲು ಅಷ್ಟೇ. ಆದರೂ ಹಾಡು ಕಾಲೆಳೆದುಕೊಂಡು ನಡೆದ ಹಾಗಾಗುತ್ತದೆ.

ವಯಸ್ಸಾಯಿತು, ಪಾಪ ಅಂದುಕೊಂಡೆ. ಯಾರಿಗೂ ಹೇಳದೆ ಅವರ ಟ್ರ್ಯಾಕನ್ನು ಮೌಸಿನಿಂದ ಹಿಡಿದು ಮುಂದಕ್ಕೆ ಎಳೆದು ಕೂರಿಸುತ್ತಿದ್ದೆ. ಹೀಗೆ ಆರು ವರ್ಷ ನಡೆಯಿತು. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂಬ ಗತ್ತು ಬೇರೆ.

ಒಂದು ದಿನ ಭಾವ ಮರೆತ ಕನ್ನಡಕಕ್ಕೆಂದು ವಾಪಸ್ಸು ಬಂದು ನನ್ನ ಹಿಂದೆ ನಿಂತರು.

"ನನ್ನದನ್ನ ಯಾಕೋ ಎಳೀತಿದೀಯ?"

"ಸ್ವಲ್ಪ ತಡ ಬಿದ್ದಿತ್ತು ಭಾವ. ಸರಿ ಮಾಡ್ತಿದೀನಿ, ತಲೆ ಕೆಡಿಸ್ಕೋಬೇಡಿ. ಯಾವಾಗ್ಲೂ ಮಾಡೋದೇ."

"ಯಾವಾಗ್ಲೂನಾ?"

"ಯಾವಾಗ್ಲೂ" ಎಂದೆ. ನಗುತ್ತಲೇ ಎಂದೆ. ನನ್ನ ನಾಲಿಗೆಗೆ ಬರೆ ಹಾಕಬೇಕು.

ಅವರು ಕನ್ನಡಕ ತೆಗೆದುಕೊಂಡು ಹೋದರು. ಮುಂದಿನ ವಾರ ಡ್ರಮ್ಮನ್ನು ಹತ್ತಿರದ ಶಾಲೆಗೆ ಕೊಟ್ಟುಬಿಟ್ಟರು. ಅಷ್ಟಕ್ಕೇ ಮುಗಿದಿದ್ದರೆ ಸರಿ. ಕೈ ತಡವಾದವನು ಲಿಫ್ಟಿನ ಗುಂಡಿಯೊಳಗೆ ಇಳಿಯಬಾರದು, ಜೊತೆಯವನ ಜೀವಕ್ಕೆ ಅಪಾಯ ಎಂದು ತಾವೇ ಬರೆದುಕೊಟ್ಟು, ಕಚೇರಿಯಲ್ಲಿ ಫೋನ್ ಎತ್ತಿ ದೂರು ಬರೆದುಕೊಳ್ಳುವ ಕುರ್ಚಿಗೆ ಬಂದು ಕೂತರು. ಮನೆಯಲ್ಲಿ ತಟ್ಟೆಯ ಸದ್ದು ನಿಂತುಹೋಯಿತು.

ನಾಲ್ಕು ತಿಂಗಳ ಮೇಲೆ ಅವರ ಜಾಗಕ್ಕೆ ಬಾರಿಸಲು ಇಪ್ಪತ್ತರ ಹುಡುಗಿಯೊಬ್ಬಳು ತನ್ನದೇ ಡ್ರಮ್ ತಂದಳು. ಕೈ ಮಿಂಚು. ಟ್ರ್ಯಾಕ್ ತೆರೆದು ನೋಡಿದೆ: ಇಪ್ಪತ್ತೆರಡು ಮಿಲಿಸೆಕೆಂಡು ಹಿಂದೆ.

ಡ್ರಮ್ಮಿನ ಮೈಕು, ಹಾಡುವ ಮೈಕು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಒಂದೇ ಒಂದು ಚಪ್ಪಾಳೆ ತಟ್ಟಿದೆ. ಪರದೆಯ ಮೇಲೆ ಆ ಒಂದು ಚಪ್ಪಾಳೆ ಎರಡು ಕಡೆ ಬಿದ್ದಿತ್ತು, ನಡುವೆ ಇಪ್ಪತ್ತೆರಡು ಮಿಲಿಸೆಕೆಂಡು. ಸದ್ದನ್ನು ಸೋಸಲು ಪೆಟ್ಟಿಗೆ ತೆಗೆದುಕೊಳ್ಳುತ್ತಿದ್ದ ಸಮಯ ಅದು. ಆ ತಡವನ್ನು ಕಳೆಯಲು ಸಾಫ್ಟ್‌ವೇರಿನಲ್ಲಿ ಒಂದು ಖಾನೆ ಇದೆ, ಅಲ್ಲಿ ಅಂಕಿ ತುಂಬಿದರೆ ಮುಗಿಯಿತು. ಆರು ವರ್ಷದಿಂದ ಅಲ್ಲಿ ಸೊನ್ನೆ ಇತ್ತು.

ಮೂರು ದಿನ ಅಕ್ಕನ ಮನೆಯ ಬೀದಿಯವರೆಗೆ ಹೋಗಿ ತಿರುಗಿ ಬಂದೆ. ನಾಲ್ಕನೇ ದಿನ ಒಳಗೆ ಹೋಗಿ ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. "ತಪ್ಪು ನಂದು ಭಾವ. ನಿಮ್ಮ ಕೈಯದ್ದಲ್ಲ."

ಭಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪ್ರತಿ ಸಲ ಇಪ್ಪತ್ತೆರಡೇನಾ?"

"ಹೂಂ."

"ನಂಗೆ ಜ್ವರ ಇದ್ದಾಗ್ಲೂ? ನಿಮ್ಮಕ್ಕನ ಹತ್ರ ಜಗಳ ಆಡ್ಕೊಂಡು ಬಂದಾಗ್ಲೂ?"

"ಹೂಂ ಭಾವ."

"ಮನುಷ್ಯನ ಕೈ ಹಾಗೆ ತಡ ಮಾಡುತ್ತೇನೋ, ಪೆದ್ದ. ಒಂದಿನ ಹತ್ತು, ಒಂದಿನ ಮೂವತ್ತು ಆಗ್ಬೇಕಲ್ವಾ. ಕಣ್ಣು ಕಟ್ಟಿ ಕೇಳೋದು ಕಲಿಸಿದ್ರೆ, ನೀನು ಕಿವಿ ಬಿಟ್ಟು ಪರದೆ ನೋಡ್ಕೊಂಡು ಕೂತೆ."

ಅಕ್ಕ ನನ್ನ ಮುಖವನ್ನೂ ನೋಡದೆ ಒಳಗಿನಿಂದ ಎರಡು ಚಮಚ ತಂದು ಗಂಡನ ಮುಂದೆ ಕುಕ್ಕಿದಳು. "ಬಾರಿಸ್ರೀ. ಈ ಮನೇಲಿ ಉಸಿರು ಕಟ್ಟೋ ಹಾಗಾಗಿದೆ."

ನಾನು ಕಣ್ಣು ಮುಚ್ಚಿ ಚಪ್ಪಾಳೆ ಹಾಕತೊಡಗಿದೆ. ಭಾವನ ಚಮಚ ಚಪ್ಪಾಳೆಗಿಂತ ಹಿಂದೆ ಬಿತ್ತು. ಮತ್ತೆ ಹಿಂದೆ ಬಿತ್ತು, ಒಮ್ಮೆ ಸ್ವಲ್ಪ, ಒಮ್ಮೆ ಬಹಳ. ಕಣ್ಣು ತೆರೆದೆ. ಪ್ರತಿ ಪೆಟ್ಟಿಗೂ ಮುಂಚೆ ಭಾವ ನನ್ನ ಮುಖ ನೋಡುತ್ತಿದ್ದರು, ಸರಿಯೋ ತಪ್ಪೋ ಎಂದು. ನಲವತ್ತು ವರ್ಷ ಯಾರ ಮುಖವನ್ನೂ ನೋಡದೆ ಬಾರಿಸಿದ ಮನುಷ್ಯ. ಅಂಕಿ ತುಂಬಿ ಸರಿ ಮಾಡಲು ಇದಕ್ಕೆ ಯಾವ ಖಾನೆಯೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ, ಮೆಲ್ಲಗೆ ನನ್ನ ಚಪ್ಪಾಳೆಯನ್ನೇ ತಡ ಮಾಡಿದೆ, ಅವರ ಚಮಚ ಬೀಳುವವರೆಗೆ ಕಾದು.

ಎರಡೇ ಪೆಟ್ಟಿನಲ್ಲಿ ಭಾವನಿಗೆ ಗೊತ್ತಾಯಿತು. ಚಮಚ ಗಾಳಿಯಲ್ಲೇ ನಿಂತಿತು.

"ಮತ್ತೆ ಎಳೀತಿದೀಯ" ಎಂದರು. ಸಿಟ್ಟಿರಲಿಲ್ಲ. "ಕಾಯ್ಬೇಡ ಕಣೋ. ನೀನು ಹೋಗ್ತಿರು. ನಾನೇ ಬಂದು ಸೇರ್ಕೋತೀನಿ."