ಅತ್ತೆ ಅರ್ಧಕ್ಕೆ ಮುರಿದ ಮುದ್ದೆ

ಮೊನ್ನೆ ಬಸುರಿ ಮಗಳು ಕಬ್ಬಿಣಾಂಶದ ಮಾತ್ರೆಯ ಡಬ್ಬಿ ತೆರೆದಳು. ತುಕ್ಕಿನಂಥ ಆ ವಾಸನೆ ಮೂಗಿಗೆ ಬಡಿಯುತ್ತಲೇ ನನ್ನ ಅತ್ತೆ ನೆನಪಾದರು. ಒಳ್ಳೆಯ ನೆನಪೇನಲ್ಲ.

ತೊಂಬತ್ತರ ದಶಕದ ಮಾತು. ತಾಯಲೂರಿನ ಹತ್ತಿರದ ಹಳ್ಳಿಗೆ ಸೊಸೆಯಾಗಿ ಹೋಗಿದ್ದೆ. ಕೊಟ್ಟಿಗೆಯಲ್ಲಿ ಎರಡು ಹಸು, ಹಿತ್ತಲಲ್ಲಿ ಕೋಳಿ, ಅಟ್ಟದ ಮೇಲೆ ರಾಗಿ, ತೊಗರಿ. ಊಟಕ್ಕೆ ಕೊರತೆಯಿದ್ದ ಮನೆಯಲ್ಲ. ನನಗೆ ಐದು ತಿಂಗಳು ತುಂಬುತ್ತಲೇ ಅತ್ತೆ ನನ್ನ ತಟ್ಟೆಯ ಮುದ್ದೆಯನ್ನು ಅರ್ಧಕ್ಕೆ ಮುರಿದರು. ಹಾಲು, ಮೊಟ್ಟೆ ನಿಂತವು. ನರ್ಸಮ್ಮ ಕೊಟ್ಟುಹೋದ ಕೆಂಪು ಮಾತ್ರೆಗಳನ್ನು ತಿಪ್ಪೆಗೆ ಎಸೆದರು.

"ಮಗು ಮೈ ತುಂಬ್ಕೊಂಡ್ರೆ ಈಚೆಗೆ ಬರಲ್ಲ ಕಣೇ. ಬಾಯಿ ಕಟ್ಟು."

"ತಲೆ ಸುತ್ತುತ್ತೆ ಅತ್ತೆ..."

"ನಮಗೆಲ್ಲ ಸುತ್ತಲಿಲ್ವಾ?"

ಗಂಡ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕಣ್ಣು ಕತ್ತಲಿಟ್ಟು ಎಷ್ಟು ಸಲ ಕುಸಿದು ಕೂತೆನೋ... ಒಮ್ಮೆ ಹಸಿವು ತಾಳದೆ, ಹಸುವಿಗೆಂದು ನೆನೆಸಿಟ್ಟಿದ್ದ ಕಡಲೆಕಾಯಿ ಹಿಂಡಿಯನ್ನು ಬಾಯಿಗೆ ಹಾಕಿಕೊಂಡೆ. ಅತ್ತೆ ನೋಡಿದರು. ಹಿಂಡಿಯ ಬಕೆಟ್ಟು ಎತ್ತಿಕೊಂಡು ಹೋದರು.

ಎಂಟನೇ ತಿಂಗಳಲ್ಲೇ ನೋವು ಬಂತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಮೈಯಲ್ಲಿ ರಕ್ತವೇ ಇಲ್ವಲ್ಲಮ್ಮ, ಊಟ ಮಾಡ್ತಿರಲಿಲ್ವಾ?" ಎಂದರು. ಅತ್ತೆ ಗೋಡೆ ನೋಡುತ್ತಿದ್ದರು. ಹುಟ್ಟಿದ ಹೆಣ್ಣುಮಗು ನನ್ನ ಎರಡು ಅಂಗೈಗಳಲ್ಲಿ ಹಿಡಿಸುವಷ್ಟಿತ್ತು. ಹಾಲು ಚೀಪಲೂ ಅದಕ್ಕೆ ಶಕ್ತಿಯಿರಲಿಲ್ಲ. ಆರು ದಿನ ಇತ್ತು.

ಅತ್ತೆಯ ಹಿರಿಮಗಳು ತೀರಿಹೋದದ್ದು ನನಗೆ ಗೊತ್ತಿತ್ತು, ಹೇಗೆಂದು ಯಾರೂ ಹೇಳಿರಲಿಲ್ಲ. ನನ್ನ ಮಗುವನ್ನು ಮಣ್ಣು ಮಾಡಿ ಬಂದ ಮೇಲೆ ಪಕ್ಕದ ಮನೆಯ ಅಜ್ಜಿ ಹೇಳಿದರು. ಚೊಚ್ಚಲ ಹೆರಿಗೆಯಂತೆ; ಮಗು ದಪ್ಪವಿದ್ದು ಸಿಕ್ಕಿಕೊಂಡು, ಆಸ್ಪತ್ರೆ ಮುಟ್ಟುವ ಮೊದಲೇ ಎತ್ತಿನ ಗಾಡಿಯಲ್ಲಿ ಪ್ರಾಣ ಹೋಯಿತಂತೆ. "ಹೆದರಿಕೆ ಕಣಮ್ಮ ನಿಮ್ಮತ್ತೆಗೆ" ಎಂದರು ಅಜ್ಜಿ. ಇರಬಹುದು. ಆ ಹೆದರಿಕೆಗೆ ನನ್ನ ಕೂಸನ್ನು ಹೊಟ್ಟೆಯೊಳಗೇ ಉಪವಾಸ ಕೆಡವಬೇಕಿತ್ತೇ?

ಎರಡನೆಯ ಸಲ ಬಸುರಿಯಾದಾಗ ಯಾರನ್ನೂ ಕೇಳದೆ ವಕ್ಕಲೇರಿಯ ತವರಿಗೆ ಹೊರಟೆ. ಅಮ್ಮ ಹಾಲು, ಮೊಟ್ಟೆ, ಸೊಪ್ಪು, ಹುರುಳಿ ತಿನ್ನಿಸಿದಳು. ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ. ಮೂರು ಕೆಜಿ ತೂಕದ ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ಬಂದವಳೇ ಅವಳನ್ನು ಅತ್ತೆಯ ಮಡಿಲಿಗೆ ಹಾಕಿದೆ.

"ಹೆರಿಗೆ ಕಷ್ಟ ಆಯ್ತಾ?" ಎಂದರು.

"ಇಲ್ಲ. ಹೊಟ್ಟೆ ತುಂಬ ತಿಂದಿದ್ದೆ."

ಅತ್ತೆ ಮಗುವಿನ ತುಂಬಿದ ತೊಡೆಯನ್ನು ಮೆಲ್ಲಗೆ ಒತ್ತಿ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನಾನು ಮಗುವನ್ನು ಎತ್ತಿಕೊಂಡು ಒಳಗೆ ಹೋದೆ. ಸಮಾಧಾನ ಹೇಳಬೇಕು ಅನ್ನಿಸಲಿಲ್ಲ. ಇವತ್ತಿಗೂ ಅನ್ನಿಸುತ್ತಿಲ್ಲ.

ಅವರು ಹೋಗಿ ಬಹಳ ವರ್ಷಗಳಾದವು. ನಡುಮನೆಯ ಗೋಡೆಯಲ್ಲಿ ಫೋಟೋ ಇದೆ. ಹೂ ಇಡುವವರು ನನ್ನ ಗಂಡ. ಆ ಕೂಸಿಗೆ ಫೋಟೋ ಇಲ್ಲ. ಕರೆದು ಅಳೋಣವೆಂದರೆ ಹೆಸರೂ ಇಲ್ಲ... ಹನ್ನೊಂದನೇ ದಿನ ಇಡೋಣ ಎಂದುಕೊಂಡಿದ್ದೆವು.